ಸೌಹಾರ್ದದ ಬೆಲೆ ತೆರುವವರಾರು?

ಜಗಳವೇ ಇಲ್ಲದ ಒಂದು ಊರನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಹಸಿವಿಲ್ಲ, ನಿರುದ್ಯೋಗವಿಲ್ಲ, ಕಳ್ಳಕಾಕರ ಭಯವಿಲ್ಲ. ಪ್ರತಿ ಮನೆಗೆ ಒಂದು ಗಂಡು ಮಗು, ಒಂದು ಹೆಣ್ಣು ಮಗು. ಯಾರು ಯಾರನ್ನು ವರಿಸಬೇಕು ಎಂಬುದನ್ನು ಹಿರಿಯರ ಸಮಿತಿಯೊಂದು ನಿರ್ಧರಿಸುತ್ತದೆ. ಹನ್ನೆರಡು ತುಂಬುವ ಮಕ್ಕಳನ್ನೆಲ್ಲ ಸಭೆಗೆ ಕರೆದು, ನೀನು ದಾದಿ, ನೀನು ಕೂಲಿ, ನೀನು ಶಿಕ್ಷಕ ಎಂದು ಅದೇ ಸಮಿತಿ ಉದ್ಯೋಗ ಹಂಚುತ್ತದೆ. ಊಟ ಮನೆ ಬಾಗಿಲಿಗೆ ಬರುತ್ತದೆ. ಯಾರ ಮಾತಿನಿಂದಲಾದರೂ ಇನ್ನೊಬ್ಬರಿಗೆ ಬೇಸರವಾದರೆ ಕೂಡಲೇ ಕ್ಷಮೆ ಕೇಳಬೇಕು, ಕೂಡಲೇ ಕ್ಷಮಿಸಬೇಕು. ಎಲ್ಲವೂ ಸಮ, ಎಲ್ಲವೂ ಶಾಂತ. ಎಷ್ಟರ ಮಟ್ಟಿಗೆಂದರೆ, ಬಣ್ಣಗಳಿಂದಲೂ ಭೇದ ಹುಟ್ಟಬಾರದೆಂದು ಆ ಊರಿನ ಜನರ ಕಣ್ಣಿಗೆ ಬಣ್ಣಗಳೇ ಕಾಣದಂತೆ ಮಾಡಲಾಗಿದೆ.

ಇದು ಅಮೆರಿಕದ ಲೇಖಕಿ ಲೋಯಿಸ್ ಲೌರಿ 1993ರಲ್ಲಿ ಮಕ್ಕಳಿಗಾಗಿ ಬರೆದ ‘ದಿ ಗಿವರ್’ ಕಾದಂಬರಿಯ ಊರು. ಕತೆಯ ನಾಯಕ ಜೋನಾಸ್ ಎಂಬ ಹುಡುಗ. ಊರಿನ ಹಳೆಯ ನೆನಪುಗಳನ್ನೆಲ್ಲ ಒಬ್ಬನೇ ಹೊತ್ತುಕೊಳ್ಳುವ ವಿಚಿತ್ರ ಉದ್ಯೋಗ ಅವನ ಪಾಲಿಗೆ ಬರುತ್ತದೆ. ಆಗ ಅವನಿಗೆ ಸೇಬಿನ ಕೆಂಪು ಕಾಣಿಸತೊಡಗುತ್ತದೆ. ಜನರಿಗೂ ಬಣ್ಣ ಕಂಡರೆ, ಅವರೂ ತಮಗೆ ಬೇಕಾದುದನ್ನು ಆರಿಸಿಕೊಂಡರೆ ಎಷ್ಟು ಚೆನ್ನ ಎಂದು ಅವನು ಯೋಚಿಸುತ್ತಾನೆ. ಮರುಕ್ಷಣವೇ ಅವನಿಗೆ ಅಳುಕು. ಜನರು ತಪ್ಪಾಗಿ ಆರಿಸಿಕೊಂಡರೆ? ತಪ್ಪು ಸಂಗಾತಿಯನ್ನು, ತಪ್ಪು ಉದ್ಯೋಗವನ್ನು ಆರಿಸಿಕೊಂಡರೆ? ಆರಿಸುವ ಅವಕಾಶವೇ ಇಲ್ಲದಿರುವುದು ಸುರಕ್ಷಿತವಲ್ಲವೇ?

ಆ ಅಳುಕಿಗೆ ಕಾದಂಬರಿ ಕೊಡುವ ಉತ್ತರ ಭೀಕರವಾದುದು. ಊರಿನ ಲೆಕ್ಕಕ್ಕೆ ಹೊಂದದವರನ್ನು, ಮುದುಕರನ್ನು, ಸರಿಯಾಗಿ ಬೆಳೆಯದ ಹಸುಳೆಗಳನ್ನು ಅಲ್ಲಿ ‘ಬಿಡುಗಡೆ’ ಮಾಡಲಾಗುತ್ತದೆ. ಬಿಡುಗಡೆಯೆಂದರೆ ಬೇರೆ ಊರಿಗೆ ಕಳುಹಿಸುವುದೆಂದು ಎಲ್ಲರೂ ನಂಬಿದ್ದಾರೆ. ಒಂದು ದಿನ ಜೋನಾಸ್ ತನ್ನ ತಂದೆ ಮಾಡಿದ ಬಿಡುಗಡೆಯೊಂದರ ಚಿತ್ರವನ್ನು ನೋಡುತ್ತಾನೆ. ಸೌಮ್ಯ ಸ್ವಭಾವದ, ಮಕ್ಕಳೆಂದರೆ ಪ್ರಾಣವೆನ್ನುವ ಆ ತಂದೆ, ಅವಳಿ ಶಿಶುಗಳಲ್ಲಿ ತೂಕ ಕಡಿಮೆಯಿರುವುದನ್ನು ಆರಿಸಿ, ನೆತ್ತಿಯ ನರಕ್ಕೆ ಸೂಜಿ ಚುಚ್ಚುತ್ತಾನೆ. ಶಿಶು ಸಾಯುತ್ತದೆ. ತಂದೆಯ ಮುಖದಲ್ಲಿ ಕ್ರೌರ್ಯವಿಲ್ಲ. ತಾನು ಕೊಲ್ಲುತ್ತಿದ್ದೇನೆಂಬ ಅರಿವೂ ಅವನಿಗಿಲ್ಲ. ಅವನು ಊರಿನ ನಿಯಮವನ್ನು ಪಾಲಿಸುತ್ತಿದ್ದಾನೆ, ಅಷ್ಟೆ.

ಇಂತಹ ದುಃಸ್ವಪ್ನದ ಸಮಾಜಗಳನ್ನು ಚಿತ್ರಿಸಿದವರಲ್ಲಿ ಲೌರಿ ಮೊದಲಿಗರಲ್ಲ. ರಷ್ಯಾದ ಯೆವ್ಗೆನಿ ಝಮ್ಯಾಟಿನ್ 1920ರ ದಶಕದ ಆರಂಭದಲ್ಲಿ ಬರೆದ ಕಾದಂಬರಿಯಲ್ಲಿ ನಾಗರಿಕರಿಗೆ ಹೆಸರುಗಳಿಲ್ಲ, ಸಂಖ್ಯೆಗಳಿವೆ. ಅವರ ಮನೆಗಳಿಗೆ ಗಾಜಿನ ಗೋಡೆಗಳಿವೆ. 1924ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಆ ಕೃತಿ ಲೇಖಕನ ಸ್ವದೇಶದಲ್ಲಿ ಪ್ರಕಟವಾಗಲು 1988ರ ವರೆಗೆ ಕಾಯಬೇಕಾಯಿತು. 1932ರಲ್ಲಿ ಆಲ್ಡಸ್ ಹಕ್ಸ್‌ಲಿ ಬರೆದ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಮನುಷ್ಯರನ್ನು ಪ್ರಯೋಗಾಲಯದಲ್ಲಿಯೇ ಮೇಲು ಕೀಳು ವರ್ಗಗಳಾಗಿ ತಯಾರಿಸಲಾಗುತ್ತದೆ, ಮನಸ್ಸು ಕದಡಿದರೆ ‘ಸೋಮ’ ಎಂಬ ಗುಳಿಗೆ ಸಿದ್ಧವಿದೆ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಲಾಠಿ, ಜೈಲು, ಚಿತ್ರಹಿಂಸೆಗಳಿವೆ. ಆದರೆ ಹಕ್ಸ್‌ಲಿ ಮತ್ತು ಲೌರಿಯವರ ಸಮಾಜಗಳಲ್ಲಿ ಲಾಠಿಯ ಅಗತ್ಯವೇ ಬೀಳುವುದಿಲ್ಲ. ಅಲ್ಲಿ ಜನರು ಸಂತೋಷದಿಂದಲೇ ತಮ್ಮ ಆಯ್ಕೆಯನ್ನು ಒಪ್ಪಿಸಿದ್ದಾರೆ. ಲಾಠಿಯ ರಾಜ್ಯವನ್ನು ಗುರುತಿಸುವುದು ಸುಲಭ. ಸೌಹಾರ್ದದ ಹೆಸರಿನಲ್ಲಿ ಬರುವ ರಾಜ್ಯವನ್ನು ಗುರುತಿಸುವುದು ಕಷ್ಟ. ಆದ್ದರಿಂದಲೇ ಎರಡನೆಯದು ಹೆಚ್ಚು ಅಪಾಯಕಾರಿ.

ಕತೆಗಳನ್ನು ಬದಿಗಿಡೋಣ. ಇಂತಹ ಕೊಡುಕೊಳೆಯ ಪ್ರಯೋಗವೊಂದು ನಮ್ಮ ದೇಶದಲ್ಲಿಯೇ ಇಪ್ಪತ್ತೊಂದು ತಿಂಗಳ ಕಾಲ ನಡೆದಿದೆ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಮರುದಿನ ಬೆಳಗ್ಗೆ ಪ್ರಧಾನಿ ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ಅದನ್ನು ದೇಶಕ್ಕೆ ತಿಳಿಸಿದರು. ಆಂತರಿಕ ಕ್ಷೋಭೆಯಿಂದ ದೇಶವನ್ನು ಕಾಪಾಡುವುದು ಅದಕ್ಕೆ ಕೊಟ್ಟ ಕಾರಣ. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ವಿಚಾರಣೆಯಿಲ್ಲದೆ ಬಂಧನಕ್ಕೊಳಗಾದರು. ಜುಲೈ 4ರಂದು ಆರೆಸ್ಸೆಸ್, ಜಮಾಅತೆ ಇಸ್ಲಾಮೀ ಹಿಂದ್, ಆನಂದ ಮಾರ್ಗ ಹಾಗೂ ನಕ್ಸಲ್ ಗುಂಪುಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಿ ನಿಷೇಧಿಸಲಾಯಿತು. ಹೊರಗೆ ಒಬ್ಬರ ಮುಖ ಒಬ್ಬರು ನೋಡದವರು ಜೈಲಿನಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು.

ಆ ದಿನಗಳನ್ನು ಕಂಡ ಹಿರಿಯರನ್ನು ಕೇಳಿ ನೋಡಿ. ಅನೇಕರು ಮೊದಲು ಹೇಳುವ ಮಾತು, ‘ಆಗ ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿದ್ದವು’ ಎಂಬುದೇ ಆಗಿರುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ. ನೌಕರರು ಹೊತ್ತಿಗೆ ಸರಿಯಾಗಿ ಕಚೇರಿಗೆ ಬಂದರು. ಮುಷ್ಕರಗಳು ನಿಂತವು. ಕಾಳಸಂತೆಕೋರರು ಕೆಲಕಾಲ ಅಡಗಿದರು. ಮಾತು ಕಡಿಮೆ ಮಾಡಿ ಹೆಚ್ಚು ದುಡಿಯಿರೆಂಬ ಫಲಕಗಳು ಬೀದಿಬೀದಿಗಳಲ್ಲಿ ಕಾಣಿಸಿಕೊಂಡವು. ವಿನೋಬಾ ಭಾವೆಯವರ ‘ಅನುಶಾಸನ ಪರ್ವ’ ಎಂಬ ಪದವನ್ನು ಸರಕಾರ ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ಬೀದಿಯಲ್ಲಿ ಘೋಷಣೆಗಳಿಲ್ಲ, ಕಲ್ಲು ತೂರಾಟವಿಲ್ಲ, ಬಂದ್ ಇಲ್ಲ. ನಗರದ ಮಧ್ಯಮ ವರ್ಗಕ್ಕೆ ಇದಕ್ಕಿಂತ ಹಿತವಾದ ಸ್ಥಿತಿ ಇನ್ನೇನು ಬೇಕು? ಲೌರಿಯ ಊರಿನಂತೆ ಎಲ್ಲವೂ ಶಾಂತ, ಎಲ್ಲವೂ ಶಿಸ್ತುಬದ್ಧ.

ಆದರೆ ಆ ಶಾಂತಿಯ ಬೆಲೆಯನ್ನು ತೆತ್ತವರು ಬೇರೆಯೇ ಜನ. ದೇಶದ ಜನಸಂಖ್ಯೆ ಹೆಚ್ಚಾಗಿದೆ, ಅದು ಪ್ರಗತಿಗೆ ಮಾರಕವೆಂದು ಹೇಳಿ ಕುಟುಂಬ ಯೋಜನೆಯನ್ನು ಒತ್ತಾಯದ ಕಾರ್ಯಕ್ರಮವಾಗಿ ಪರಿವರ್ತಿಸಲಾಯಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅಧಿಕಾರಿಗಳಿಗೆ ಗುರಿ ನಿಗದಿಯಾಯಿತು. ‘ಕೇಸು’ಗಳನ್ನು ತಾರದ ಶಾಲಾ ಶಿಕ್ಷಕರ ಸಂಬಳ ತಡೆಹಿಡಿಯಲಾಯಿತು. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗಾಗಿ ನೇಮಕಗೊಂಡ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗದ ವರದಿಯಲ್ಲಿ, ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ 1,774 ಸಾವುಗಳ ಮತ್ತು ಅವಿವಾಹಿತರ ಮೇಲೆಯೇ ಶಸ್ತ್ರಚಿಕಿತ್ಸೆ ನಡೆಸಿದ 548 ದೂರುಗಳ ದಾಖಲೆಯಿದೆ. ಮದುವೆಯೇ ಆಗದ ಯುವಕನಿಂದ ತಂದೆಯಾಗುವ ಅವಕಾಶವನ್ನು ಕಿತ್ತುಕೊಂಡು ದೇಶದ ಪ್ರಗತಿಯ ಲೆಕ್ಕದಲ್ಲಿ ಒಂದು ಅಂಕಿ ಹೆಚ್ಚಿಸುವುದೆಂದರೆ, ಅದು ಯಾವ ಕಾದಂಬರಿಗೆ ಕಡಿಮೆ?

ದಿಲ್ಲಿಯ ತುರ್ಕ್‌ಮನ್ ಗೇಟ್ ಬಳಿ ತಲೆಮಾರುಗಳಿಂದ ಬದುಕಿದ್ದ ಬಹುತೇಕ ಮುಸ್ಲಿಮ್ ಕುಟುಂಬಗಳ ಮನೆಗಳನ್ನು ನಗರದ ಸೌಂದರ್ಯೀಕರಣದ ಹೆಸರಿನಲ್ಲಿ 1976ರ ಏಪ್ರಿಲ್‌ನಲ್ಲಿ ಕೆಡವಲಾಯಿತು. ಏಪ್ರಿಲ್ 19ರಂದು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ಬಗ್ಗೆ ಇಂದಿಗೂ ವಿವಾದವಿದೆ. ಸೆನ್ಸಾರಿನ ಕಾರಣದಿಂದ ಪತ್ರಿಕೆಗಳು ಆ ಸುದ್ದಿಯನ್ನು ಬರೆಯುವಂತಿರಲಿಲ್ಲ. ಅದೇ ವರ್ಷ ನವೆಂಬರ್ 6ರಂದು ಹರಿಯಾಣದ ಮೇವಾತ್ ಪ್ರದೇಶದ ಉಟಾವಡ್ ಗ್ರಾಮವನ್ನು ನಸುಕಿನಲ್ಲಿ ಪೊಲೀಸರು ಸುತ್ತುವರಿದರು. ಧ್ವನಿವರ್ಧಕದಲ್ಲಿ ಗಂಡಸರೆಲ್ಲರನ್ನು ರಸ್ತೆಗೆ ಕರೆದು, ನೂರಾರು ಮಂದಿಯನ್ನು ವಾಹನಗಳಲ್ಲಿ ತುಂಬಿ ಕರೆದೊಯ್ದು, ಅವರಲ್ಲಿ ಅನೇಕರ ಮೇಲೆ ಬಲವಂತದ ಶಸ್ತ್ರಚಿಕಿತ್ಸೆ ನಡೆಸಲಾಯಿತು. ಆ ಬೆಳಗ್ಗೆಯೂ ರೈಲುಗಳು ಸಮಯಕ್ಕೆ ಸರಿಯಾಗಿಯೇ ಓಡಿರಬೇಕು.

ಕರ್ನಾಟಕವೂ ಇದರಿಂದ ಹೊರಗುಳಿಯಲಿಲ್ಲ. ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಡಲಾಯಿತು. ಆಕೆ ಉಬ್ಬಸದ ರೋಗಿ. ಆರೋಗ್ಯ ಸಂಪೂರ್ಣ ಕೆಟ್ಟ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಿಟ್ಟರು. ಕೆಲವೇ ದಿನಗಳಲ್ಲಿ, ಜನವರಿ 20ರಂದು, ಆಕೆ ತೀರಿಕೊಂಡರು. ಆ ಜೈಲಿದ್ದ ಜಾಗ ಇಂದು ‘ಫ್ರೀಡಂ ಪಾರ್ಕ್’ ಎಂಬ ಉದ್ಯಾನ. ಅಲ್ಲಿ ವಾಯುವಿಹಾರಕ್ಕೆ ಹೋಗುವವರಲ್ಲಿ ಎಷ್ಟು ಮಂದಿಗೆ ಆಕೆಯ ನೆನಪಿದೆ?

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಬಲವಂತದ ಶಸ್ತ್ರಚಿಕಿತ್ಸೆಗೆ ಹೆಚ್ಚು ತುತ್ತಾಗಿದ್ದ ಉತ್ತರ ಪ್ರದೇಶದಲ್ಲಿ ಕಾಂಗ್ರೆಸ್ 85 ಸ್ಥಾನಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಅದೇ ಚುನಾವಣೆಯಲ್ಲಿ ಕರ್ನಾಟಕವು 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್‌ಗೆ ಕೊಟ್ಟಿತು. ದೇವರಾಜ ಅರಸರ ಭೂಸುಧಾರಣೆಯಂತಹ ಕಾರ್ಯಕ್ರಮಗಳ ಪ್ರಭಾವ ಇದರಲ್ಲಿತ್ತು ಎಂಬುದು ನಿಜ. ಆದರೆ ಇನ್ನೊಂದು ಕಹಿ ಸತ್ಯವೂ ಇದರಲ್ಲಿದೆ. ಕತ್ತಿ ತಮ್ಮ ಮೈಮೇಲೆ ಬೀಳದವರಿಗೆ ಅದರ ಹರಿತ ಅಷ್ಟಾಗಿ ತಿಳಿಯುವುದಿಲ್ಲ. ಸೌಹಾರ್ದದ ಫಲವನ್ನು ಉಣ್ಣುವವರು ಒಬ್ಬರು, ಅದರ ಬೆಲೆ ತೆರುವವರು ಇನ್ನೊಬ್ಬರು. ಉಣ್ಣುವವನಿಗೆ ಬೆಲೆಯ ಚೀಟಿ ಕಾಣಿಸುವುದೇ ಇಲ್ಲ. ಲೌರಿಯ ಊರಿನ ಜನರು ದುಷ್ಟರಲ್ಲ. ಅವರಿಗೆ ಚೀಟಿ ಕಾಣಿಸುತ್ತಿರಲಿಲ್ಲ.

ನ್ಯಾಯಾಲಯಗಳಿಗಾದರೂ ಕಾಣಿಸಿತೇ? ಬಂಧಿತರ ಅರ್ಜಿಗಳನ್ನು ಹಲವು ಹೈಕೋರ್ಟುಗಳು ವಿಚಾರಣೆಗೆ ಯೋಗ್ಯವೆಂದವು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಂಧಿತನಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕಿಲ್ಲವೆಂದು ತೀರ್ಪಿತ್ತರು. ಭಿನ್ನಮತ ಬರೆದವರು ನ್ಯಾಯಮೂರ್ತಿ ಹನ್ಸ್ ರಾಜ್ ಖನ್ನಾ ಒಬ್ಬರೇ. ಮರುವರ್ಷ ಅವರ ಹಿರಿತನವನ್ನು ಕಡೆಗಣಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಹೊರನಡೆದರು. ಆ ತೀರ್ಪನ್ನು ಅಳಿಸಿಹಾಕಲು ನಾಲ್ಕು ದಶಕಗಳೇ ಬೇಕಾದವು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 1976ರ ತೀರ್ಪು ತಪ್ಪೆಂದು ಘೋಷಿಸಿತು. ಏನನ್ನು ತಿನ್ನಬೇಕು, ಯಾರನ್ನು ವರಿಸಬೇಕು, ಏನನ್ನು ನಂಬಬೇಕು ಎಂಬಂತಹ ಆಯ್ಕೆಗಳು ವ್ಯಕ್ತಿಯ ಘನತೆಯ ಭಾಗವೆಂಬ ವಿಚಾರಕ್ಕೆ ಆ ತೀರ್ಪಿನಿಂದ ಬಲ ಬಂತು. ನ್ಯಾ. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ನಿಧನರಾದರು.

ನೆರೆಯ ಚೀನಾದತ್ತಲೂ ಒಮ್ಮೆ ನೋಡೋಣ. ಹೂ ಜಿಂಟಾವೊ ಅಧಿಕಾರದಲ್ಲಿದ್ದಾಗ ಅಲ್ಲಿನ ಕಮ್ಯೂನಿಸ್ಟ್ ಪಕ್ಷ ‘ಸೌಹಾರ್ದಯುತ ಸಮಾಜ’ವನ್ನೇ ತನ್ನ ಗುರಿಯೆಂದು ಸಾರಿತು. ಕೆಲವೇ ದಿನಗಳಲ್ಲಿ ಅಲ್ಲಿನ ಜನಸಾಮಾನ್ಯರು ಆ ಪದಕ್ಕೆ ಹೊಸ ಅರ್ಥ ಕಂಡುಕೊಂಡರು. ಯಾರದಾದರೂ ಬರಹವನ್ನು ಸರಕಾರ ಅಳಿಸಿಹಾಕಿದರೆ, ಅದನ್ನು ‘ಸೌಹಾರ್ದಗೊಳಿಸಲಾಯಿತು’ ಎಂದು ಹೇಳಿ ನಗತೊಡಗಿದರು. ಶಿನ್‌ಜಿಯಾಂಗ್ ಪ್ರಾಂತದ ಉಯಿಘರ್ ಮುಸ್ಲಿಮರ ಪಾಲಿಗೆ ಅದು ನಗುವ ವಿಷಯವಾಗಿ ಉಳಿಯಲಿಲ್ಲ. 2017ರಲ್ಲಿ ‘ಅಸಹಜ’ ಗಡ್ಡವನ್ನು ಅಲ್ಲಿ ನಿಷೇಧಿಸಲಾಯಿತು. ಅಪಾರ ಸಂಖ್ಯೆಯ ಜನರನ್ನು ‘ವೃತ್ತಿ ತರಬೇತಿ ಕೇಂದ್ರ’ಗಳೆಂದು ಕರೆಯಲಾದ ಬೇಲಿಯೊಳಗೆ ಕೂಡಿಹಾಕಲಾಯಿತು. ಅಲ್ಲಿ ನಡೆದುದು ಮಾನವತೆಯ ವಿರುದ್ಧದ ಅಪರಾಧವಾಗಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್ 31ರ ವರದಿಯಲ್ಲಿ ಹೇಳಿತು. ‘ಬಿಡುಗಡೆ’ಯಂತೆಯೇ ‘ತರಬೇತಿ’ಯೂ ಒಂದು ಸುಂದರ ಪದ. ಪದಗಳು ಸುಂದರವಾಗುತ್ತ ಹೋದಷ್ಟೂ ಅವುಗಳ ಹಿಂದಿರುವುದನ್ನು ಹೆಚ್ಚು ಎಚ್ಚರಿಕೆಯಿಂದ ನೋಡಬೇಕಾಗುತ್ತದೆ.

ಇನ್ನು, ಇದು ಮುಸ್ಲಿಮರ ಮೇಲೆ ಮುಸ್ಲಿಮೇತರರು ನಡೆಸುವ ದಬ್ಬಾಳಿಕೆ ಮಾತ್ರವೆಂದು ತಿಳಿದರೆ ನಾವು ನಮ್ಮನ್ನೇ ವಂಚಿಸಿಕೊಂಡಂತೆ. ಇರಾನಿನ ಇತಿಹಾಸವನ್ನೇ ನೋಡಿ. 1936ರಲ್ಲಿ ರೆಝಾ ಶಾ, ದೇಶ ಆಧುನಿಕವಾಗಬೇಕೆಂದು ಹೇಳಿ ಮಹಿಳೆಯರ ಪರ್ದಾವನ್ನು ನಿಷೇಧಿಸಿದರು. ಪೊಲೀಸರು ಬೀದಿಯಲ್ಲಿಯೇ ತಲೆವಸ್ತ್ರ ಕಿತ್ತರು. ಮನೆಯಿಂದ ಹೊರಬರಲಾರದೆ ಉಳಿದ ಹೆಂಗಸರಿದ್ದರು. ಕ್ರಾಂತಿಯ ನಂತರ, 1983ರಲ್ಲಿ, ಅದೇ ದೇಶದಲ್ಲಿ ತಲೆವಸ್ತ್ರ ಧರಿಸದ ಮಹಿಳೆಗೆ 74 ಛಡಿಯೇಟುಗಳ ಶಿಕ್ಷೆ ವಿಧಿಸುವ ಕಾನೂನು ಬಂತು. 2022ರ ಸೆಪ್ಟೆಂಬರ್ 16ರಂದು, ತಲೆವಸ್ತ್ರವನ್ನು ಸರಿಯಾಗಿ ಧರಿಸಿರಲಿಲ್ಲವೆಂದು ಪೊಲೀಸರು ಹಿಡಿದೊಯ್ದಿದ್ದ ಮಹ್ಸಾ ಅಮೀನಿ ಎಂಬ ಇಪ್ಪತ್ತೆರಡರ ಯುವತಿ ಪ್ರಾಣ ಬಿಟ್ಟಳು. ಅಜ್ಜಿಯ ತಲೆಯಿಂದ ವಸ್ತ್ರ ಕಿತ್ತ ಪ್ರಭುತ್ವವೂ ಮೊಮ್ಮಗಳ ತಲೆಗೆ ವಸ್ತ್ರ ಬಿಗಿದ ಪ್ರಭುತ್ವವೂ ಕೊಟ್ಟ ಕಾರಣ ಒಂದೇ, ಸಮಾಜದ ಹಿತ. ಅಜ್ಜಿಯನ್ನೂ ಕೇಳಲಿಲ್ಲ, ಮೊಮ್ಮಗಳನ್ನೂ ಕೇಳಲಿಲ್ಲ.

ಅದೇ 2022ರ ಫೆಬ್ರವರಿ 5ರಂದು ಕರ್ನಾಟಕ ಸರಕಾರ ಹೊರಡಿಸಿದ ಆದೇಶವು, ಸಮಾನತೆ, ಅಖಂಡತೆ ಹಾಗೂ ಸಾರ್ವಜನಿಕ ಸುವ್ಯವಸ್ಥೆಗೆ ಭಂಗ ತರುವ ಉಡುಪುಗಳನ್ನು ಕಾಲೇಜುಗಳಲ್ಲಿ ಧರಿಸಬಾರದೆಂದು ಹೇಳಿತು. ಹೈಕೋರ್ಟು ಮಾರ್ಚ್ 15ರಂದು ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನು ಕೊಟ್ಟರು. ನ್ಯಾ. ಸುಧಾಂಶು ಧೂಲಿಯಾ ಅದನ್ನು ಆಯ್ಕೆಯ ಪ್ರಶ್ನೆಯಾಗಿ, ಹೆಣ್ಣುಮಗುವಿನ ಶಿಕ್ಷಣದ ಪ್ರಶ್ನೆಯಾಗಿ ಕಂಡರು. ಅಂದು ಕಾಲೇಜಿನ ಗೇಟಿನಿಂದ ಮನೆಗೆ ಮರಳಿದ ಹುಡುಗಿಯ ಪರವಾಗಿ ಮಾತನಾಡಿದ ನಾವು, ಟೆಹರಾನಿನ ಹುಡುಗಿಯ ಬಗ್ಗೆ ಮೌನವಾಗಿದ್ದರೆ ನಮ್ಮ ಮಾತಿಗೆ ಯಾವ ಬೆಲೆ? ಹಾಗೆಯೇ, ಟೆಹರಾನಿನ ಹುಡುಗಿಗಾಗಿ ಮೇಣದ ಬತ್ತಿ ಹಚ್ಚಿ ಉಡುಪಿಯ ಹುಡುಗಿಗೆ ಬಾಗಿಲು ಮುಚ್ಚಿದವರ ಸ್ವಾತಂತ್ರ್ಯಪ್ರೇಮಕ್ಕೆ ಏನೆನ್ನಬೇಕು?

ಹಾಗಿದ್ದರೆ ವ್ಯಕ್ತಿಯ ಆಯ್ಕೆಗೆ ಮಿತಿಯೇ ಬೇಡವೇ ಎಂದು ಕೆಲವರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಎಲ್ಲರೂ ತಮಗೆ ಬೇಕಾದ ದಿಕ್ಕಿನಲ್ಲಿ ವಾಹನ ಓಡಿಸಿದರೆ ರಸ್ತೆಯೇ ಉಳಿಯದು. ವರದಕ್ಷಿಣೆ ಕೇಳುವುದು ನನ್ನ ಆಯ್ಕೆ, ಬಾಲ್ಯವಿವಾಹ ಮಾಡಿಸುವುದು ನನ್ನ ಆಯ್ಕೆ ಎಂದು ಯಾರೂ ವಾದಿಸಲಾಗದು. ಸಮಾಜವೆಂದ ಮೇಲೆ ನಿಯಮಗಳಿರುತ್ತವೆ. ಆದರೆ ನಿಯಮಗಳಲ್ಲಿ ಎರಡು ಬಗೆ. ಒಬ್ಬನ ಕೈ ಇನ್ನೊಬ್ಬನ ಮೇಲೆ ಬೀಳದಂತೆ ತಡೆಯುವ ನಿಯಮ ಒಂದು ಬಗೆ. ವರದಕ್ಷಿಣೆ ನಿಷೇಧ ಆ ಬಗೆಯದು; ಅದು ಇನ್ನೊಬ್ಬರ ಆಯ್ಕೆಯನ್ನು ಕಾಪಾಡುತ್ತದೆ. ನೋಡುವವರ ಕಣ್ಣಿಗೆ ಹಿತವಾಗಲೆಂದು ಒಬ್ಬನನ್ನು ಇಲ್ಲವಾಗಿಸುವ ನಿಯಮ ಇನ್ನೊಂದು ಬಗೆ. 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿಯ ಜಾತ್ರೆಯಿಂದ ಆರಂಭಿಸಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ನಿರಾಕರಿಸಲಾಯಿತು. 2002ರ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ತೋರಿಸಲಾಯಿತು. ವರ್ಷಗಟ್ಟಲೆ ಬಳೆ, ಆಟಿಕೆ, ಕಡಲೆ ಮಾರುತ್ತಿದ್ದವನು ಬಾರದೆ ಹೋದ ಮೇಲೆ ಜಾತ್ರೆ ಶಾಂತವಾಗಿ ನಡೆಯಿತೆಂದರೆ, ಅದು ಸೌಹಾರ್ದವೇ? ಇಬ್ಬರಿದ್ದಾಗ ಜಗಳವಾಗದಿರುವುದು ಸೌಹಾರ್ದ. ಒಬ್ಬನನ್ನು ಹೊರಹಾಕಿದ ಮೇಲೆ ಜಗಳವಾಗದಿರುವುದು ಬರೀ ನಿರ್ಜನತೆ.

ಆದುದರಿಂದ, ಸೌಹಾರ್ದದ ಹೆಸರಿನಲ್ಲಿ ಯಾರಾದರೂ ಆಯ್ಕೆಯನ್ನು ಬಿಟ್ಟುಕೊಡಿ ಎಂದಾಗ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಇದರ ಬೆಲೆಯನ್ನು ತೆರುವವರು ಯಾರು, ಎಲ್ಲರೂ ಸಮನಾಗಿಯೋ ಅಥವಾ ಯಾವಾಗಲೂ ಒಬ್ಬರೇಯೋ? ತೆರುವವರನ್ನು ಕೇಳಲಾಗಿದೆಯೇ? ನಾಳೆ ಇದು ತಪ್ಪೆಂದು ಕಂಡರೆ ಹಾಗೆ ಹೇಳಲು, ಬದಲಾಯಿಸಲು ದಾರಿ ತೆರೆದಿದೆಯೇ? 1976ರ ಉಟಾವಡ್ ಗ್ರಾಮದ ಮಟ್ಟಿಗೆ ಈ ಮೂರು ಪ್ರಶ್ನೆಗಳಿಗೂ ದೊರೆಯುವ ಉತ್ತರ ನಮಗೆ ಗೊತ್ತಿದೆ.

ಇಷ್ಟು ಹೇಳಿ ಲೇಖನ ಮುಗಿಸಿದರೆ ಅದು ಅರ್ಧ ಸತ್ಯವಾದೀತು. ಈ ಮೂರು ಪ್ರಶ್ನೆಗಳನ್ನು ನಮ್ಮ ಮನೆಯ ಹೊಸ್ತಿಲ ಒಳಗೂ ಕೇಳಬೇಡವೇ? ನಮ್ಮ ಪಟ್ಟಣಗಳ ಎಷ್ಟು ಮನೆಗಳಲ್ಲಿ ಲೌರಿಯ ಹಿರಿಯರ ಸಮಿತಿ ಕುಳಿತಿಲ್ಲ? ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ಮಗಳು ಮುಂದೆ ಓದುತ್ತೇನೆಂದರೆ, ‘ಜನ ಏನೆಂದಾರು, ತಂಗಿಯಂದಿರಿಗೆ ಸಂಬಂಧ ಬರಬೇಡವೇ’ ಎಂಬ ಮಾತು ಬರುತ್ತದೆ. ನಿಕಾಹ್‌ನ ದಿನ ಒಪ್ಪಿಗೆ ಕೇಳಲು ಹಿರಿಯರು ಬಂದಾಗ ಅವಳು ಅತ್ತರೂ ಒಪ್ಪಿಗೆ, ಸುಮ್ಮನಿದ್ದರೂ ಒಪ್ಪಿಗೆ. ಅಷ್ಟು ಹೊತ್ತಿಗೆ ಹಾಲ್ ಬುಕ್ ಆಗಿರುತ್ತದೆ, ಬಿರಿಯಾನಿಯ ದೇಗ್ ಒಲೆಯ ಮೇಲಿರುತ್ತದೆ. ಬೇಡವೆನ್ನಲು ಎಲ್ಲಿದೆ ದಾರಿ? ಗಂಡನ ಮನೆಯ ಹಿಂಸೆ ತಾಳಲಾರದೆ ತವರಿಗೆ ಬಂದವಳಿಗೆ ‘ಎರಡು ಕುಟುಂಬಗಳ ಮರ್ಯಾದೆ’ಯ ಹೆಸರಿನಲ್ಲಿ ಸಬ್ರ್ ಬೋಧಿಸಿ ಮರಳಿ ಕಳುಹಿಸಲಾಗುತ್ತದೆ. ಜಮಾಅತಿನ ಲೆಕ್ಕಪತ್ರ ಕೇಳಿದ ಯುವಕನಿಗೆ ‘ಊರಿನ ಒಗ್ಗಟ್ಟು ಕೆಡಿಸಬೇಡ’ ಎಂಬ ಎಚ್ಚರಿಕೆ ಸಿಗುತ್ತದೆ. ಮನೆಯ ಶಾಂತಿ, ಕುಟುಂಬದ ಮರ್ಯಾದೆ, ಊರಿನ ಒಗ್ಗಟ್ಟು ಇವೆಲ್ಲ ದೊಡ್ಡ ಮೌಲ್ಯಗಳೇ. ಆದರೆ ಅವುಗಳ ಬೆಲೆಯನ್ನು ಪ್ರತಿಸಲವೂ ಆ ಮಗಳೇ, ಆ ಸೊಸೆಯೇ, ಆ ಯುವಕನೇ ಏಕೆ ತೆರಬೇಕು?

ಪ್ರವಾದಿ ಮುಹಮ್ಮದ್(ಸ)ರ ಕಾಲದ ಬರೀರಾ(ರ)ರ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಬರೀರಾ ಗುಲಾಮಗಿರಿಯಿಂದ ಬಿಡುಗಡೆ ಪಡೆದ ಮಹಿಳೆ. ಬಿಡುಗಡೆಯ ನಂತರ ಗಂಡನೊಂದಿಗೆ ಬಾಳುವ ಅಥವಾ ಬೇರ್ಪಡುವ ಆಯ್ಕೆ ಅವರಿಗೆ ದೊರೆಯಿತು. ಅವರು ಬೇರ್ಪಟ್ಟರು. ಗಂಡ ಮುಗೀಸ್ ಮದೀನಾದ ಬೀದಿಗಳಲ್ಲಿ ಅಳುತ್ತ ಅವರ ಹಿಂದೆ ನಡೆದರು. ಆ ದೃಶ್ಯ ಕಂಡು ಮರುಗಿದ ಪ್ರವಾದಿಯವರು, ಗಂಡನ ಬಳಿಗೆ ಮರಳಬಾರದೇ ಎಂದು ಬರೀರಾರಲ್ಲಿ ವಿಚಾರಿಸಿದರು. ಇದು ತಮ್ಮ ಆಜ್ಞೆಯೇ ಎಂದು ಬರೀರಾ ಕೇಳಿದರು. ಅಲ್ಲ, ಕೇವಲ ಶಿಫಾರಸು ಎಂಬ ಉತ್ತರ ಬಂತು. ಹಾಗಾದರೆ ತನಗೆ ಆತ ಬೇಡವೆಂದು ಆಕೆ ಹೇಳಿದರು. ಮಾತು ಅಲ್ಲಿಗೆ ಮುಗಿಯಿತು. ಬುಖಾರಿಯಲ್ಲಿ ವರದಿಯಾದ ಈ ಘಟನೆಯನ್ನು ಎಷ್ಟು ಜುಮಾ ಪ್ರವಚನಗಳಲ್ಲಿ ನಾವು ಕೇಳಿದ್ದೇವೆ? ಮದೀನಾದ ಆಡಳಿತದ ಸೂತ್ರ ಹಿಡಿದಿದ್ದವರ ಶಿಫಾರಸನ್ನು ನಿನ್ನೆಯವರೆಗೆ ಗುಲಾಮಳಾಗಿದ್ದ ಮಹಿಳೆಯೊಬ್ಬಳು ನಿರಾಕರಿಸಿದಳು. ಅವಳ ಮೇಲೆ ಯಾರೂ ಸಿಟ್ಟಾಗಲಿಲ್ಲ. ಒಂದು ಕುಟುಂಬ ಮುರಿಯಿತು, ಒಬ್ಬನ ಕಣ್ಣೀರು ಹರಿಯಿತು. ಆದರೂ ಆಯ್ಕೆ ಆಯ್ಕೆಯಾಗಿಯೇ ಉಳಿಯಿತು.

ನಮ್ಮ ಹಿರಿಯರು ಶಿಫಾರಸಿಗೂ ಆಜ್ಞೆಗೂ ಇರುವ ಈ ಅಂತರವನ್ನು ಅರಿತರೆ ಎಷ್ಟೋ ಮನೆಗಳು ನಿಜವಾದ ಅರ್ಥದಲ್ಲಿ ಶಾಂತವಾದಾವು. ತಂದೆ ಸಲಹೆ ಕೊಡಲಿ, ತಾಯಿ ಎಚ್ಚರಿಸಲಿ, ಜಮಾಅತ್ ಬುದ್ಧಿ ಹೇಳಲಿ. ಮಕ್ಕಳು ತಪ್ಪಾಗಿ ಆರಿಸಿಕೊಳ್ಳುವ ಸಾಧ್ಯತೆ ಖಂಡಿತ ಇದೆ. ಜೋನಾಸನ ಅಳುಕು ಸುಳ್ಳಲ್ಲ. ಆದರೆ ತಪ್ಪಾಗಿ ಆರಿಸಿಕೊಂಡವನು ಅದನ್ನು ತಿದ್ದಿಕೊಳ್ಳಬಲ್ಲ, ಅದಕ್ಕೆ ಹೊಣೆಯಾಗಬಲ್ಲ. ಆರಿಸಿಕೊಳ್ಳುವುದನ್ನೇ ಕಲಿಯದವನು ನಾಳೆ ಯಾರೋ ಕೊಟ್ಟ ಸೂಜಿಯನ್ನು ಯಾರದೋ ನೆತ್ತಿಗೆ ಚುಚ್ಚಿ, ನಿಯಮ ಪಾಲಿಸಿದೆನೆಂದು ನೆಮ್ಮದಿಯಿಂದ ನಿದ್ದೆ ಮಾಡುತ್ತಾನೆ.

ಮನೆಯಲ್ಲಿ ಮಗಳ ‘ಬೇಡ’ವನ್ನು ಕೇಳಿಸಿಕೊಳ್ಳದ ಸಮುದಾಯವು ಬೀದಿಯಲ್ಲಿ ಪ್ರಭುತ್ವದೆದುರು ತನ್ನ ‘ಬೇಡ’ವನ್ನು ಕೇಳಿಸಿಕೊಳ್ಳಿರೆಂದು ಕೋರುವುದು ಹೇಗೆ? ಕಾಲೇಜಿನ ಗೇಟಿನಲ್ಲಿ, ಜಾತ್ರೆಯ ಗದ್ದೆಯಲ್ಲಿ, ಮತಗಟ್ಟೆಯಲ್ಲಿ ನಮ್ಮ ಆಯ್ಕೆಯ ಹಕ್ಕಿಗಾಗಿ ಹೋರಾಡಲೇಬೇಕು. ಆ ಹೋರಾಟದ ಮೊದಲ ಪಾಠ ನಮ್ಮ ಊಟದ ಸುಪ್ರದ ಸುತ್ತಲೇ ಆರಂಭವಾಗಲಿ. ಇಂದು ರಾತ್ರಿ ಮನೆಯ ಅತಿ ಕಿರಿಯವರನ್ನೊಮ್ಮೆ, ನಿನಗೇನು ಬೇಕೆಂದು ಕೇಳಿ ನೋಡಿ. ಉತ್ತರ ನಮಗೆ ಇಷ್ಟವಾಗದಿದ್ದರೂ ಕೊನೆಯವರೆಗೆ ಕೇಳಿಸಿಕೊಳ್ಳೋಣ.